ಮಂಗಳವಾರ ಹೊರಟವನು ಗುರುವಾರದ ಹುತ್ತರಿಗೆ ಮುಟ್ಟುತ್ತಾನಾ? ವಿಮಾನದ ದೂರ ಮತ್ತು ಹೊತ್ತಿನ ಲೆಕ್ಕ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ದಿನವೂ ಗಳಿಗೆಯೂ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗುತ್ತವೆ. ನೆರೆ (ಎಲೆಗಳ ಕಟ್ಟು) ಕಟ್ಟುವುದು ಇಷ್ಟು ಹೊತ್ತಿಗೆ, ಕದಿರು (ಹೊಸ ಭತ್ತದ ತೆನೆ) ತೆಗೆಯುವುದು ಇಷ್ಟು ಹೊತ್ತಿಗೆ ಎಂದು ನಿಮಿಷದ ಲೆಕ್ಕದಲ್ಲಿ ಸುದ್ದಿ ಬರುತ್ತದೆ. ಅದು ಬಂದ ಕೂಡಲೇ ಕೊಡಗಿನ ಎಷ್ಟೋ ಮನೆಗಳಲ್ಲಿ ಇನ್ನೊಂದು ಲೆಕ್ಕ ಶುರುವಾಗುತ್ತದೆ. ದೂರದಲ್ಲಿರುವ ಮಕ್ಕಳು ಯಾವಾಗ ಹೊರಟರೆ ಯಾವಾಗ ಮುಟ್ಟುತ್ತಾರೆ?

ನಮ್ಮ ಪಕ್ಕದ ತೋಟದ ಅಜ್ಜನ ಮನೆಯಲ್ಲಿ ಈ ಲೆಕ್ಕ ಊಟದ ಮೇಜಿನ ಮೇಲೆಯೇ ನಡೆಯುತ್ತಿತ್ತು. ಮೊಮ್ಮಗ ಸ್ಯಾನ್ ಫ್ರಾನ್ಸಿಸ್ಕೋದಿಂದ ದುಬೈ ಮೇಲೆ ಬರುವವನು. ಅವನು ಕಳಿಸಿದ ಟಿಕೆಟ್ಟನ್ನು ಅಜ್ಜ ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದರು. ಹಬ್ಬ ಗುರುವಾರ ರಾತ್ರಿ.

"ನೋಡಿ, ಮಂಗಳವಾರ ಸಾಯಂಕಾಲ ನಾಲ್ಕಕ್ಕೆ ಹೊರಡ್ತಾನೆ. ಗುರುವಾರ ಬೆಳಗಿನ ಜಾವ ಮೂರೂಕಾಲಕ್ಕೆ ಬೆಂಗಳೂರಲ್ಲಿ ಇಳೀತಾನೆ. ಅಲ್ಲಿಗೆ ಮೂವತ್ತೈದೂಕಾಲು ಗಂಟೆ ಆಯ್ತು. ಇವನು ನೋಡಿದ್ರೆ ಹಾರೋದು ಬರೀ ಹತ್ತೊಂಬತ್ತೂವರೆ ಗಂಟೆ ಅಂತಾನೆ. ಮಿಕ್ಕಿದ್ದು ಎಲ್ಲಿ ಹೋಯ್ತು?"

ಅಜ್ಜಿಯದು ಬೇರೆ ಪ್ರಶ್ನೆ. ಹೋದ ಸಲ ಅವನು ವಾಪಸ್ ಹೋಗುವಾಗ ಮೊಬೈಲ್ ನಕ್ಷೆಯಲ್ಲಿ ವಿಮಾನವನ್ನು ನೋಡುತ್ತ ಕೂತಿದ್ದರಂತೆ. ಅಮೆರಿಕ ಪಶ್ಚಿಮಕ್ಕಿದೆ, ವಿಮಾನ ಮಾತ್ರ ಸೀದಾ ಉತ್ತರಕ್ಕೆ ಏರುತ್ತ ಹೋಯಿತು. "ದಾರಿ ತಪ್ಪಿತೇನೋ ಅಂತ ನಿದ್ದೆಯೇ ಬರಲಿಲ್ಲ."

ಎರಡೂ ಒಳ್ಳೆಯ ಪ್ರಶ್ನೆಗಳೇ. ಉತ್ತರ ಹೇಳಬೇಕಾದರೆ ಕೊಡಗಿನ ರಸ್ತೆಯಿಂದಲೇ ಶುರು ಮಾಡಬೇಕು.

## ದೂರ ಎಂದರೆ ಯಾವ ದೂರ?

ಮಡಿಕೇರಿಯಿಂದ ಭಾಗಮಂಡಲಕ್ಕೆ ರಸ್ತೆಯಲ್ಲಿ 39 ಕಿ.ಮೀ. ಬೆಟ್ಟ ಸುತ್ತಿ, ಕೊಲ್ಲಿ ದಾಟಿ, ತಿರುವಿನ ಮೇಲೆ ತಿರುವು ಹಾಕಿ ಹೋಗುವ ದೂರ ಅದು. ಇದೇ ಎರಡು ಊರುಗಳ ನಡುವೆ ಒಂದು ಮಂಗಟ್ಟೆ ಹಕ್ಕಿ ಅತ್ತಿತ್ತ ನೋಡದೆ ನೆಟ್ಟಗೆ ಹಾರಿದರೆ ಅದಕ್ಕೆ ಸಿಗುವುದು ಸುಮಾರು 23 ಕಿ.ಮೀ. ಮಾತ್ರ. ಎರಡು ಅಂಕಿಗಳೂ ಸುಳ್ಳಲ್ಲ. ಒಂದು ರಸ್ತೆಯ ದೂರ, ಇನ್ನೊಂದು ನೇರ ದೂರ.

'ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ.' ಎಂದು ಎಲ್ಲಾದರೂ ಓದಿದರೆ ಅದು ಮಂಗಟ್ಟೆಯ ಲೆಕ್ಕ ಎಂದು ತಿಳಿಯಿರಿ. ಭೂಮಿಯ ಸುತ್ತಳತೆ 40,000 ಕಿ.ಮೀ. ಹಾಗಾಗಿ ಭೂಮಿಯ ಮೇಲೆ ಯಾವ ಎರಡು ಊರುಗಳೂ 20,000 ಕಿ.ಮೀ.ಗಿಂತ ದೂರ ಇರಲು ಸಾಧ್ಯವೇ ಇಲ್ಲ, ಅದಕ್ಕಿಂತ ಮುಂದೆ ಹೋದರೆ ಇನ್ನೊಂದು ಕಡೆಯಿಂದ ಹತ್ತಿರವಾಗತೊಡಗುತ್ತೀರಿ. ಆ ಲೆಕ್ಕದಲ್ಲಿ ನಮ್ಮ ಹುಡುಗ ಇರುವುದು ಇರಬಹುದಾದ ದೂರದ ನೂರಕ್ಕೆ ಎಪ್ಪತ್ತು ಭಾಗದಲ್ಲಿ.

ಅವನು ನೇರ ಬರುತ್ತಿಲ್ಲ, ದುಬೈನಲ್ಲಿ ವಿಮಾನ ಬದಲಿಸುತ್ತಾನೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ದುಬೈಗೆ ಸುಮಾರು 13,000 ಕಿ.ಮೀ., ಅಲ್ಲಿಂದ ಬೆಂಗಳೂರಿಗೆ ಸುಮಾರು 2,700. ಒಟ್ಟು 15,700. ಸುತ್ತು ಬಳಸಿದ್ದು 1,700 ಕಿ.ಮೀ. ಕೇಳಲು ದೊಡ್ಡದು, ಆದರೆ ಪ್ರಮಾಣದಲ್ಲಿ ನೂರಕ್ಕೆ ಹನ್ನೆರಡು. ಭಾಗಮಂಡಲದ ರಸ್ತೆ ಮಂಗಟ್ಟೆಯ ದಾರಿಗಿಂತ ನೂರಕ್ಕೆ ಎಪ್ಪತ್ತು ಹೆಚ್ಚು ಎನ್ನುವುದನ್ನು ನೆನಪಿಸಿಕೊಂಡರೆ, ದುಬೈ ಸುತ್ತು ಒಂದು ಸಣ್ಣ ತಿರುವು ಅಷ್ಟೇ.

## ಒಂದು ಕಿತ್ತಳೆ, ಒಂದು ದಾರ

ಈಗ ಅಜ್ಜಿಯ ಪ್ರಶ್ನೆ. ಅಜ್ಜ ಸೈನ್ಯದಲ್ಲಿದ್ದವರು, ನಕ್ಷೆ ಓದಲು ಬಲ್ಲವರು. ಅವರೂ ಅಜ್ಜಿಯ ಪಕ್ಷವೇ. "ನಕ್ಷೆ ಮೇಲೆ ಸ್ಕೇಲ್ ಇಟ್ಟರೆ ದಾರಿ ಸಿಗಬೇಕು. ಇದು ಕಾಮನಬಿಲ್ಲಿನ ಹಾಗೆ ಬಗ್ಗಿಕೊಂಡು ಹೋಗುತ್ತೆ."

ಇಪ್ಪತ್ತು ಮೂವತ್ತು ಕಿ.ಮೀ. ಜಾಗದ ನಕ್ಷೆಯಲ್ಲಿ ಅಜ್ಜನ ಸ್ಕೇಲ್ ಸರಿಯಾಗಿಯೇ ಕೆಲಸ ಮಾಡುತ್ತದೆ, ಅಷ್ಟು ಚಿಕ್ಕ ಜಾಗದಲ್ಲಿ ಭೂಮಿ ಹೆಚ್ಚು ಕಡಿಮೆ ಸಮತಟ್ಟು. ಇಡೀ ಭೂಗೋಳದ ನಕ್ಷೆಯಲ್ಲಿ ಅದು ಕೈಕೊಡುತ್ತದೆ. ಯಾಕೆ ಎಂದು ನೋಡಲು ಮನೆಯಲ್ಲಿದ್ದ ಕಿತ್ತಳೆಯೇ ಸಾಕಾಯಿತು.

ಹಣ್ಣಿನ ತೊಟ್ಟು ಉತ್ತರ ಧ್ರುವ ಎಂದುಕೊಳ್ಳಿ. ನಡುವಿನಲ್ಲಿ ಸುತ್ತ ಎಳೆದ ಗೆರೆ ಸಮಭಾಜಕ ವೃತ್ತ. ಆ ಗೆರೆಗಿಂತ ಸ್ವಲ್ಪ ಮೇಲೆ ಒಂದು ಗುಂಡುಸೂಜಿ ಚುಚ್ಚಿ, ಅದು ಬೆಂಗಳೂರು. ಹಣ್ಣನ್ನು ತಿರುಗಿಸಿ ಹೆಚ್ಚು ಕಡಿಮೆ ಹಿಂಬದಿಗೆ, ಇನ್ನೂ ಕೊಂಚ ಮೇಲಕ್ಕೆ ಇನ್ನೊಂದು ಸೂಜಿ, ಅದು ಸ್ಯಾನ್ ಫ್ರಾನ್ಸಿಸ್ಕೋ. ಈಗ ಒಂದು ದಾರವನ್ನು ಎರಡು ಸೂಜಿಗೂ ಸುತ್ತಿ ಬಿಗಿಯಾಗಿ ಎಳೆಯಿರಿ. ದಾರ ಹಣ್ಣಿನ ಹೊಟ್ಟೆ ಬಳಸಿ ಹೋಗುವುದಿಲ್ಲ. ತಾನಾಗಿಯೇ ಜಾರಿ ತೊಟ್ಟಿನ ಕಡೆಗೆ ಏರಿ ನಿಲ್ಲುತ್ತದೆ. ಅದೇ ಅತಿ ಹತ್ತಿರದ ದಾರಿ. ಹಣ್ಣನ್ನು ಸರಿಯಾಗಿ ನಡುಮಧ್ಯದ ಮೂಲಕ ಎರಡು ಹೋಳು ಮಾಡಿದರೆ ಸಿಪ್ಪೆಯ ಮೇಲೆ ಮೂಡುವ ಗೆರೆಗೆ ಮಹಾವೃತ್ತ ಎಂದು ಹೆಸರು. ಗೋಲದ ಮೇಲೆ ಎರಡು ಊರುಗಳ ನಡುವಿನ ಕಿರುದಾರಿ ಯಾವಾಗಲೂ ಅಂಥದೊಂದು ಗೆರೆಯ ತುಂಡು.

ಇನ್ನು ಕಿತ್ತಳೆಯ ಸಿಪ್ಪೆಯನ್ನು ಹರಿಯದ ಹಾಗೆ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಲು ನೋಡಿ. ಆಗುವುದಿಲ್ಲ. ಒಂದೋ ಹರಿಯಬೇಕು, ಇಲ್ಲವೇ ಎಳೆದು ಹಿಗ್ಗಿಸಬೇಕು. ನಮ್ಮ ಶಾಲೆಗಳ ಗೋಡೆಯಲ್ಲೂ ಮೊಬೈಲಿನಲ್ಲೂ ಹೆಚ್ಚಾಗಿ ಕಾಣುವ ನಕ್ಷೆ 1569ರಲ್ಲಿ ಮರ್ಕೇಟರ್ ಮಾಡಿದ ಪದ್ಧತಿಯದು. ಅವನು ಹಿಗ್ಗಿಸುವ ದಾರಿ ಹಿಡಿದ. ಹಡಗಿನವರಿಗೆ ದಿಕ್ಕು ತಪ್ಪಬಾರದು ಎನ್ನುವುದು ಅವನ ಕಾಳಜಿ, ಗಾತ್ರ ಹೆಚ್ಚು ಕಡಿಮೆಯಾದರೂ ಚಿಂತೆ ಇರಲಿಲ್ಲ. ಹೀಗಾಗಿ ಧ್ರುವದ ಕಡೆ ಹೋದಷ್ಟೂ ನೆಲ ಊದಿಕೊಳ್ಳುತ್ತದೆ. ಆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದು, ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು. ಊದಿದ ಜಾಗದ ಮೇಲೆ ಹಾದುಹೋಗುವ ನೇರ ದಾರಿಯೂ ನಕ್ಷೆಯಲ್ಲಿ ಬಿಲ್ಲಿನ ಹಾಗೆ ಬಗ್ಗಿ ಕಾಣುತ್ತದೆ. ವಿಮಾನ ನೆಟ್ಟಗೇ ಹೋಗುತ್ತಿದೆ. ಬಗ್ಗಿರುವುದು ನಕ್ಷೆ.

ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಜೋಡಿಯಂತೂ ಇದಕ್ಕೆ ಹೇಳಿಮಾಡಿಸಿದ ಉದಾಹರಣೆ. ಎರಡರ ರೇಖಾಂಶಗಳ ನಡುವಿನ ಅಂತರ ಸುಮಾರು 178 ಡಿಗ್ರಿ. 180 ಆಗಿದ್ದರೆ ಒಂದಕ್ಕೊಂದು ಪೂರ್ತಿ ಹಿಂಬದಿಯಲ್ಲಿ ಇರುತ್ತಿದ್ದವು, ದಾರ ಉತ್ತರ ಧ್ರುವದ ಮೇಲೆಯೇ ಹಾಯುತ್ತಿತ್ತು. ಈಗ ಅದು ಧ್ರುವದಿಂದ 200 ಕಿ.ಮೀ. ಆಸುಪಾಸಿನಲ್ಲಿ ಹಾದುಹೋಗುತ್ತದೆ. ಬೆಂಗಳೂರಿನ ದಾರ ಅಷ್ಟು ಮೇಲೇರುವುದಿಲ್ಲ, 71 ಡಿಗ್ರಿ ಉತ್ತರ ಅಕ್ಷಾಂಶದ ತನಕ ಹೋಗಿ ಇಳಿಯುತ್ತದೆ. ಅದೂ ಸೈಬೀರಿಯಾದ ತುತ್ತತುದಿಯೇ.

ಅಜ್ಜಿ ಹಣ್ಣನ್ನು ಕೈಯಲ್ಲಿ ಹಿಡಿದು ಎರಡು ಸಲ ತಿರುಗಿಸಿ ನೋಡಿದರು. "ಹಾಗಾದರೆ ಅಮೆರಿಕ ಪಶ್ಚಿಮಕ್ಕಲ್ಲ, ಉತ್ತರಕ್ಕೆ" ಎಂದರು. ಪಠ್ಯಪುಸ್ತಕದವರು ಒಪ್ಪದಿರಬಹುದು, ವಿಮಾನ ಓಡಿಸುವವರು ಒಪ್ಪುತ್ತಾರೆ.

## ದಾರ ಇದ್ದಲ್ಲಿ ದಾರಿ ಇರಬೇಕೆಂದಿಲ್ಲ

ಕಿತ್ತಳೆಯ ಮೇಲಿನ ದಾರ ಲೆಕ್ಕದ ದಾರಿ. ನಿಜವಾದ ವಿಮಾನ ಅದನ್ನು ಅಲ್ಲಲ್ಲಿ ಬಿಟ್ಟು ಸರಿಯುತ್ತದೆ. ಅದಕ್ಕೆ ಗಟ್ಟಿ ಕಾರಣಗಳಿವೆ.

ಬೆಂಗಳೂರಿನಿಂದ ಹೊರಟ ದಾರ ಹಿಮಾಲಯ ದಾಟಿ ಟಿಬೆಟ್ಟಿನ ಮೇಲೆ ಹೋಗುತ್ತದೆ. ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ ಆ ಕಡೆ ತಲೆ ಹಾಕುವುದಿಲ್ಲ. ಪರ್ವತಕ್ಕೆ ಡಿಕ್ಕಿ ಹೊಡೆಯುವ ಭಯ ಅಲ್ಲ, ವಿಮಾನ ಹಾರುವುದು ಅದಕ್ಕಿಂತ ಬಹಳ ಮೇಲೆ. ಭಯ ಬೇರೆಯದು. ವಿಮಾನದೊಳಗೆ ಉಸಿರಾಡಲು ಸಾಕಾಗುವಷ್ಟು ಒತ್ತಡದಲ್ಲಿ ಗಾಳಿ ತುಂಬಿಟ್ಟಿರುತ್ತಾರೆ. ಅಕಸ್ಮಾತ್ ಅದು ಸೋರಿಹೋದರೆ ಮೇಲಿನಿಂದ ಆಮ್ಲಜನಕದ ಮುಖವಾಡ ಜೋತುಬೀಳುತ್ತದೆ. ಅದರಲ್ಲಿರುವುದು ಹದಿನೈದು ಇಪ್ಪತ್ತು ನಿಮಿಷಕ್ಕೆ ಆಗುವಷ್ಟು. ಅಷ್ಟರೊಳಗೆ ಪೈಲಟ್ ವಿಮಾನವನ್ನು 10,000 ಅಡಿಗೆ, ಅಂದರೆ ಸುಮಾರು 3,000 ಮೀಟರಿಗೆ ಇಳಿಸಬೇಕು. ಟಿಬೆಟ್ಟಿನ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್. ನಮ್ಮ ತಡಿಯಂಡಮೋಳ್ 1,748 ಮೀಟರ್. ಅಂಥ ಎರಡೂವರೆ ಬೆಟ್ಟ ಒಂದರ ಮೇಲೊಂದು ಇಟ್ಟಷ್ಟು ಎತ್ತರದ ನೆಲ ನೂರಾರು ಕಿ.ಮೀ. ಉದ್ದಕ್ಕೂ ಹಾಸಿಕೊಂಡಿದ್ದರೆ ಇಳಿಯುವುದು ಎಲ್ಲಿಗೆ?

ಎರಡನೆಯ ಕಾರಣ ಆಕಾಶದ ಬೇಲಿ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಹಕ್ಕಿದೆ. ಪಕ್ಕದ ತೋಟದವರು ಗೇಟು ಹಾಕಿದರೆ ನಾವು ಸುತ್ತಿ ಹೋಗಬೇಕಾದ ಹಾಗೆ ಇಲ್ಲಿಯೂ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನ ಸಂಸ್ಥೆಗಳಿಗೆ ಮುಚ್ಚಿದಾಗ, ದೆಹಲಿಯಿಂದ ಉತ್ತರ ಅಮೆರಿಕಕ್ಕೆ ಹೋಗುವ ಕೆಲವು ಏರ್ ಇಂಡಿಯಾ ವಿಮಾನಗಳು ವಿಯೆನ್ನಾದಂಥ ಕಡೆ ಇಳಿದು ಇಂಧನ ತುಂಬಿಸಿಕೊಂಡು ಮುಂದೆ ಹೋಗಬೇಕಾಯಿತು. ಉಕ್ರೇನ್ ಯುದ್ಧ ಶುರುವಾದ 2022ರಲ್ಲಿ ರಷ್ಯಾ ಯುರೋಪಿನ ವಿಮಾನಗಳಿಗೆ ದಾರಿ ಬಂದ್ ಮಾಡಿತು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಅಲ್ಲಿಯ ತನಕ ಒಂಬತ್ತು ಗಂಟೆ ಚಿಲ್ಲರೆ ಸಾಕಾಗುತ್ತಿತ್ತು, ಆಮೇಲೆ ಹದಿಮೂರು ಗಂಟೆಯ ಹತ್ತಿರ ಬೇಕಾಯಿತು. ಊರುಗಳು ಇದ್ದಲ್ಲೇ ಇದ್ದವು.

ಮೂರನೆಯದು ಚಳಿ. ಧ್ರುವದ ಮೇಲೆ, ಆ ಎತ್ತರದಲ್ಲಿ ಹೊರಗಿನ ಶಾಖ ಸೊನ್ನೆಗಿಂತ 50, 60 ಡಿಗ್ರಿ ಕೆಳಗಿರುತ್ತದೆ. ವಿಮಾನದ ಇಂಧನ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟಲು ಶುರು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬಿಳಿಯಾಗಿ ಕೂರುತ್ತದಲ್ಲ, ಹಾಗೆ. ಹಾಗಾಗಿ ಪೈಲಟ್‌ಗಳು ಟ್ಯಾಂಕಿನ ಶಾಖದ ಮೇಲೆ ಕಣ್ಣಿಟ್ಟಿರುತ್ತಾರೆ. ತೀರಾ ಕಡಿಮೆಯಾದರೆ ಕೆಳಗಿಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಇನ್ನು ಎರಡು ಎಂಜಿನ್ನಿನ ವಿಮಾನ ಒಂದು ಎಂಜಿನ್ ನಿಂತರೂ ಗೊತ್ತುಮಾಡಿದ ಸಮಯದೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವಂತೆ ದಾರಿ ಹಾಕಿಕೊಳ್ಳಬೇಕು ಎಂಬ ನಿಯಮವೂ ಇದೆ.

## ಮೇಲೆ ಹರಿಯುವ ಗಾಳಿಯ ಹೊಳೆ

ಇಷ್ಟೆಲ್ಲ ಆದ ಮೇಲೆ ದೂರವನ್ನು ವೇಗದಿಂದ ಭಾಗಿಸಿದರೆ ಹೊತ್ತು ಸಿಗಬೇಕು. ದೊಡ್ಡ ಜೆಟ್ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. 14,000ಕ್ಕೆ ಹದಿನೈದೂವರೆ ಗಂಟೆ. ಆದರೆ ಹೋಗುವಾಗ ಒಂದು ಹೊತ್ತು, ಬರುವಾಗ ಇನ್ನೊಂದು ಹೊತ್ತು. ಇದಕ್ಕೆ ಗಾಳಿ ಕಾರಣ.

ದುಬಾರೆಯಲ್ಲಿ ಕಾವೇರಿಯ ಮೇಲೆ ಒಂದು ದೋಣಿ ಇದೆ ಎಂದುಕೊಳ್ಳಿ. ನಿಂತ ನೀರಿನಲ್ಲಿ ಅದರ ವೇಗ ಗಂಟೆಗೆ 10 ಕಿ.ಮೀ., ಹೊಳೆಯ ಹರಿವು 3 ಕಿ.ಮೀ. ಹರಿವಿನ ಜೊತೆ ಹೋದರೆ ದಡದಲ್ಲಿ ನಿಂತವರಿಗೆ ದೋಣಿ 13ರಲ್ಲಿ ಹೋಗುವಂತೆ ಕಾಣುತ್ತದೆ, ಎದುರು ಹೋದರೆ 7ರಲ್ಲಿ. ದೋಣಿಯವನು ಎರಡೂ ಸಲ ಹಾಕಿದ್ದು ಒಂದೇ ಶಕ್ತಿ. ವಿಮಾನಕ್ಕೆ ಗಾಳಿಯೇ ಹೊಳೆ. ಗಾಳಿಯ ಲೆಕ್ಕದಲ್ಲಿ ಅದರ ವೇಗ 900 ಇದ್ದರೂ ನೆಲದ ಲೆಕ್ಕದಲ್ಲಿ ಬೇರೆಯೇ ಆಗಿರುತ್ತದೆ.

ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಭೂಮಿಯನ್ನು ಸುತ್ತುವ ಗಾಳಿಯ ಹರಿವುಗಳಿವೆ. ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಗಂಟೆಗೆ ನೂರು, ಇನ್ನೂರು ಕಿ.ಮೀ. ಮಾಮೂಲು, ಚಳಿಗಾಲದಲ್ಲಿ ನಾನೂರು ದಾಟುವುದೂ ಉಂಟು. ಧ್ರುವದ ತಣ್ಣನೆ ಗಾಳಿಗೂ ಕೆಳಗಿನ ಬೆಚ್ಚನೆ ಗಾಳಿಗೂ ಇರುವ ಅಂತರವೇ ಇದನ್ನು ಓಡಿಸುವುದು. ಚಳಿಗಾಲದಲ್ಲಿ ಆ ಅಂತರ ಹೆಚ್ಚುವುದರಿಂದ ಹೊಳೆಯೂ ತುಂಬಿ ಹರಿಯುತ್ತದೆ.

ಇದನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೋ ಓಯಿಶಿ. 1920ರ ದಶಕದಲ್ಲಿ ಬಲೂನು ಹಾರಿಸಿ ಹಾರಿಸಿ ಗಾಳಿಯ ವೇಗ ಲೆಕ್ಕ ಹಾಕಿದರು. ಪ್ರಪಂಚದವರೆಲ್ಲ ಓದಲಿ ಎಂದು ವರದಿಯನ್ನು 1926ರಲ್ಲಿ ಎಸ್ಪೆರಾಂಟೋ ಭಾಷೆಯಲ್ಲಿ ಬರೆದರು. ಎಲ್ಲರಿಗೂ ಸಲ್ಲಬೇಕೆಂದೇ ಹೊಸದಾಗಿ ಕಟ್ಟಿದ ಆ ಭಾಷೆ ಓದುವವರೇ ಹೆಚ್ಚು ಇರಲಿಲ್ಲ! ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಾಂಬರ್‌ಗಳು ಈ ಗಾಳಿಗೆ ಸಿಕ್ಕಿ ಗುರಿ ತಪ್ಪಿದಾಗಲೇ ಉಳಿದವರಿಗೆ ಇದರ ಬಿಸಿ ತಟ್ಟಿದ್ದು.

ಸೀದಾ ಎದುರು ಅಥವಾ ಸೀದಾ ಬೆನ್ನಿಗೆ 100 ಕಿ.ಮೀ. ಗಾಳಿ ಇದೆ ಎಂದು ಲೆಕ್ಕ ಹಾಕಿ. 14,000 ಕಿ.ಮೀ.ಯನ್ನು 1,000ದಲ್ಲಿ ಹೋದರೆ ಹದಿನಾಲ್ಕು ಗಂಟೆ, 800ರಲ್ಲಿ ಹೋದರೆ ಹದಿನೇಳೂವರೆ. ಮೂರೂವರೆ ಗಂಟೆಯ ವ್ಯತ್ಯಾಸ ಬರೀ ಗಾಳಿಯದು. ಎಲ್ಲ ದಾರಿಯಲ್ಲೂ ಇಷ್ಟು ಆಗುವುದಿಲ್ಲ. ಸಿಂಗಾಪುರದಿಂದ ಪೆಸಿಫಿಕ್ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವವರಿಗೆ ಬರುವಾಗಿನದಕ್ಕಿಂತ ಎರಡು ಗಂಟೆಯ ಹತ್ತಿರ ಉಳಿತಾಯವಾಗುತ್ತದೆ, ಆ ದಾರಿ ಹೊಳೆಯ ಜೊತೆಯೇ ಸಾಗುವಂಥದ್ದು. ನಮ್ಮ ಹುಡುಗನ ಧ್ರುವದ ದಾರಿ ಹೊಳೆಯನ್ನು ಅಡ್ಡಕ್ಕೆ ದಾಟುತ್ತದೆ, ಅಲ್ಲಿ ಲಾಭವೂ ಕಡಿಮೆ ನಷ್ಟವೂ ಕಡಿಮೆ.

2020ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಮೇಲೆ ಚಂಡಮಾರುತ ಎದ್ದ ದಿನ ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಮುಟ್ಟಿತು. ಮಾಮೂಲಾಗಿ ಆರೂವರೆ ಗಂಟೆಯ ದಾರಿ. ನೆಲದ ಲೆಕ್ಕದಲ್ಲಿ ಅದರ ವೇಗ 1,300 ಕಿ.ಮೀ. ದಾಟಿತ್ತು. ಹಾಗೆಂದು ಅದು ಶಬ್ದದ ವೇಗವನ್ನೇನೂ ಮೀರಲಿಲ್ಲ. ಗಾಳಿಯೊಳಗೆ ಅದು ತನ್ನ ಎಂದಿನ ವೇಗದಲ್ಲೇ ಇತ್ತು. ಓಡುತ್ತಿದ್ದದ್ದು ಹೊಳೆ.

ಇಲ್ಲಿಗೆ ಬಂದಾಗ ಅಜ್ಜನ ಮೊಮ್ಮಗಳು, ಹೈಸ್ಕೂಲು ಓದುವವಳು, ಮಧ್ಯೆ ಬಾಯಿ ಹಾಕಿದಳು. ಭೂಮಿಯೇ ಪೂರ್ವಕ್ಕೆ ತಿರುಗುತ್ತಿದೆಯಲ್ಲ, ವಿಮಾನ ಮೇಲೇರಿ ಸುಮ್ಮನೆ ನಿಂತುಕೊಂಡರೆ ಅಮೆರಿಕವೇ ಕೆಳಗೆ ಬರಬೇಕಲ್ಲ? ಮಡಿಕೇರಿಯ ನೆಲ ಗಂಟೆಗೆ 1,600 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ತಿರುಗುತ್ತಿದೆ ಎನ್ನುವುದು ನಿಜ. ಆದರೆ ಅದರ ಜೊತೆಗೆ ಗಾಳಿಯೂ ತಿರುಗುತ್ತಿದೆ. ಓಡುವ ಬಸ್ಸಿನೊಳಗೆ ಹಾರುವ ನೊಣ ಹಿಂದಿನ ಗಾಜಿಗೆ ಹೋಗಿ ಬಡಿಯುವುದಿಲ್ಲ. ಬಸ್ಸಿನ ಒಳಗಿನ ಗಾಳಿ ಬಸ್ಸಿನ ಜೊತೆಯೇ ಬರುತ್ತಿರುತ್ತದೆ, ನೊಣ ಆ ಗಾಳಿಯಲ್ಲಿದೆ. ವಿಮಾನವೂ ಹಾಗೆಯೇ. ಹುಡುಗಿ ಸ್ವಲ್ಪ ನಿರಾಶೆಯಿಂದಲೇ ಒಪ್ಪಿದಳು.

## ಕಾಣೆಯಾದ ಹದಿನೈದೂಮುಕ್ಕಾಲು ಗಂಟೆ

ಅಜ್ಜನ ಪ್ರಶ್ನೆಗೆ ಈಗ ಬರೋಣ. ಟಿಕೆಟ್ಟಿನ ಪ್ರಕಾರ 35 ಗಂಟೆ 15 ನಿಮಿಷ, ಹಾರುವುದು 19 ಗಂಟೆ 30 ನಿಮಿಷ. ನಡುವೆ 15 ಗಂಟೆ 45 ನಿಮಿಷ ಕಾಣೆ.

ಟಿಕೆಟ್ಟಿನಲ್ಲಿ ಅಚ್ಚಾಗುವ ಸಮಯ ಯಾವಾಗಲೂ ಆಯಾ ಊರಿನ ಗಡಿಯಾರದ್ದು. ಹೊರಡುವ ಹೊತ್ತು ಹೊರಡುವ ಊರಿನದು, ಮುಟ್ಟುವ ಹೊತ್ತು ಮುಟ್ಟುವ ಊರಿನದು. ಎರಡು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದ ಕಾಫಿಯನ್ನು ಒಂದರಿಂದ ಒಂದು ಕಳೆದ ಹಾಗಾಯಿತು ಅಜ್ಜನ ಲೆಕ್ಕ.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಗಂಟೆಗೆ 15 ಡಿಗ್ರಿ. ಅದರ ಮೇಲೆ ಜಗತ್ತಿನ ಗಡಿಯಾರಗಳನ್ನು ಹಂಚಿದ್ದಾರೆ. ಭಾರತದ ಗಡಿಯಾರ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ್ದು. ಮಡಿಕೇರಿ ಅದಕ್ಕಿಂತ ಪಶ್ಚಿಮಕ್ಕೆ, 75.7 ಡಿಗ್ರಿಯಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರಕ್ಕಿಂತ ಸುಮಾರು 27 ನಿಮಿಷ ತಡವಾಗಿ. ಒಂದೇ ದೇಶದೊಳಗೇ ಇಷ್ಟು.

ಸ್ಯಾನ್ ಫ್ರಾನ್ಸಿಸ್ಕೋ ಗಡಿಯಾರ ಚಳಿಗಾಲದಲ್ಲಿ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿಕೊಳ್ಳುತ್ತಾರೆ, ಆಗ 12 ಗಂಟೆ 30 ನಿಮಿಷ. ಈ ಬೇಸಿಗೆ ಗಡಿಯಾರ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದ ತನಕ. ಹುತ್ತರಿ ಬರುವುದು ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ, ಹಾಗಾಗಿ ಹಬ್ಬಕ್ಕೆ ಬರುವವರಿಗೆ ಹದಿಮೂರೂವರೆಯೇ ಲೆಕ್ಕ. ಬಾಯಿಲೆಕ್ಕಕ್ಕೆ ಒಂದು ಸುಲಭ ದಾರಿ: ಅಲ್ಲಿನ ಸಂಜೆ ನಾಲ್ಕನ್ನು ಇಲ್ಲಿನ ಮರುದಿನ ಬೆಳಗಿನ ನಾಲ್ಕು ಮಾಡಿ, ಒಂದೂವರೆ ಗಂಟೆ ಸೇರಿಸಿ. ಐದೂವರೆ.

ಕಾಣೆಯಾದ 15 ಗಂಟೆ 45 ನಿಮಿಷದಲ್ಲಿ ಹದಿಮೂರೂವರೆ ಗಂಟೆ ಹೀಗೆ ಸಿಕ್ಕಿತು. ಉಳಿದ 2 ಗಂಟೆ 15 ನಿಮಿಷ ದುಬೈ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಕಾಯುವುದು.

ಇದೇ ಗಡಿಯಾರದ ಆಟದಿಂದ ವಿಚಿತ್ರಗಳೂ ಆಗುತ್ತವೆ. 2021ರ ಜನವರಿ 9ರ ಶನಿವಾರ ರಾತ್ರಿ ಎಂಟೂವರೆಗೆ ಏರ್ ಇಂಡಿಯಾದ ಒಂದು ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ಬೆಂಗಳೂರಿಗೆ ಹೊರಟಿತು. ಕ್ಯಾಪ್ಟನ್ ಜೋಯಾ ಅಗರವಾಲ್ ಅವರ ಮುಂದಾಳತ್ವ, ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಂಗಸರೇ, ದಾರಿ ಉತ್ತರ ಧ್ರುವದ ಮೇಲೆ. ಬೆಂಗಳೂರಿನಲ್ಲಿ ಇಳಿದದ್ದು ಸೋಮವಾರ ಬೆಳಗಿನ ಜಾವ ಮೂರರ ಸುಮಾರಿಗೆ. ಹಾರಿದ್ದು ಸುಮಾರು 17 ಗಂಟೆ, ಕ್ಯಾಲೆಂಡರಿನಲ್ಲಿ ಒಂದು ಇಡೀ ಭಾನುವಾರ ಹಾರಿಹೋಗಿತ್ತು. ಇನ್ನು ಬೆಂಗಳೂರಿನಿಂದ ಮಧ್ಯಾಹ್ನ ಎರಡಕ್ಕೆ ಹೊರಟು 16 ಗಂಟೆ ಹಾರಿದವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತಾರೆ. ಬರೀ ಗಡಿಯಾರ ನೋಡಿದರೆ ಎರಡೂವರೆ ಗಂಟೆಯಲ್ಲಿ ಅಮೆರಿಕ!

## ಟಿಕೆಟ್ ಓದುವಾಗ ಗಮನದಲ್ಲಿರಲಿ

ಟಿಕೆಟ್ಟಿನ ಮೇಲಿನ ಪ್ರಯಾಣದ ಹೊತ್ತು ಎಂದರೆ ವಿಮಾನ ನಿಂತ ಜಾಗದಿಂದ ಅಲುಗಿದ ಕ್ಷಣದಿಂದ, ಆ ಕಡೆ ಹೋಗಿ ನಿಲ್ಲುವ ತನಕ. ರನ್‌ವೇ ತನಕ ಉರುಳುವುದು, ಸರದಿಗೆ ಕಾಯುವುದು ಎಲ್ಲ ಅದರೊಳಗೇ. ವಿಮಾನ ಸಂಸ್ಥೆಗಳು ಇದಕ್ಕೆಲ್ಲ ಸ್ವಲ್ಪ ಕೈ ಬಿಟ್ಟೇ ಸಮಯ ಹಾಕುತ್ತವೆ. ಅರ್ಧ ಗಂಟೆ ತಡವಾಗಿ ಮೇಲೇರಿದ ವಿಮಾನ ಸರಿಯಾದ ಹೊತ್ತಿಗೇ ಇಳಿಯುವುದು ಅದಕ್ಕೇ.

ನಾನ್‌ಸ್ಟಾಪ್ ಮತ್ತು ಡೈರೆಕ್ಟ್ ಒಂದೇ ಅಲ್ಲ. ನಾನ್‌ಸ್ಟಾಪ್ ಎಲ್ಲೂ ಇಳಿಯುವುದಿಲ್ಲ. ಡೈರೆಕ್ಟ್ ನಡುವೆ ಇಳಿಯಬಹುದು, ವಿಮಾನದ ನಂಬರ್ ಬದಲಾಗುವುದಿಲ್ಲ ಅಷ್ಟೇ. ಮೈಸೂರಿನಿಂದ ಮಡಿಕೇರಿಗೆ ಬರುವ ಬಸ್ಸು ಹುಣಸೂರಿನಲ್ಲಿ ಕಾಲು ಗಂಟೆ ನಿಂತರೂ ನೀವು ಬಸ್ಸು ಬದಲಿಸುವುದಿಲ್ಲವಲ್ಲ, ಅದು ಡೈರೆಕ್ಟ್. ಕನೆಕ್ಟಿಂಗ್ ಎಂದರೆ ಹುಣಸೂರಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯುವುದು. ಅದರಲ್ಲೂ ಎರಡು ವಿಮಾನಗಳು ಒಂದೇ ಟಿಕೆಟ್ಟಿನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವ ಜವಾಬ್ದಾರಿ ಸಾಮಾನ್ಯವಾಗಿ ಸಂಸ್ಥೆಯದು. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಹೊಣೆ ನಮ್ಮದೇ. ಕಾಸು ಉಳಿಸಲು ಹೋಗಿ ಕೈ ಸುಟ್ಟುಕೊಳ್ಳುವವರು ಹೆಚ್ಚಾಗಿ ಇಲ್ಲೇ.

## ಕೊನೆಯ 300 ಕಿ.ಮೀ.

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಬೆಂಗಳೂರಿನ ನಿಲ್ದಾಣ ಇರುವುದು ಊರಿನ ಉತ್ತರಕ್ಕೆ ದೇವನಹಳ್ಳಿಯಲ್ಲಿ. ಅಲ್ಲಿಂದ ಊರು ದಾಟಿ, ಮೈಸೂರು ರಸ್ತೆ ಹಿಡಿದು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಮಡಿಕೇರಿ ಮುಟ್ಟಲು 300 ಕಿ.ಮೀ. ಹತ್ತಿರ. ಮೈಸೂರು ತನಕದ ಹೊಸ ಹೆದ್ದಾರಿ 2023ರಲ್ಲಿ ಶುರುವಾದ ಮೇಲೆ ಸ್ವಲ್ಪ ಹೊತ್ತು ಉಳಿಯುತ್ತದೆ. ಆದರೂ ತಿಂಡಿ, ಕಾಫಿ ಸೇರಿ ಏಳು ಗಂಟೆ ಇಟ್ಟುಕೊಳ್ಳಬೇಕು. 16,000 ಕಿ.ಮೀ. ಪ್ರಯಾಣದಲ್ಲಿ ಈ ರಸ್ತೆ ನೂರಕ್ಕೆ ಎರಡು ಭಾಗ ಕೂಡ ಇಲ್ಲ. ಹೊತ್ತಿನಲ್ಲಿ ಮಾತ್ರ ಹೆಚ್ಚು ಕಡಿಮೆ ಕಾಲು ಭಾಗ ಅದೇ ತಿನ್ನುತ್ತದೆ.

ವಿರಾಜಪೇಟೆ ಕಡೆಯವರಿಗೆ ಇನ್ನೊಂದು ದಾರಿ ಇದೆ. 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ನಿಲ್ದಾಣ ಮಟ್ಟನ್ನೂರಿನಲ್ಲಿದೆ. ಮಾಕುಟ್ಟ ಘಾಟಿ ಇಳಿದರೆ ವಿರಾಜಪೇಟೆಯಿಂದ 60 ಕಿ.ಮೀ. ಆಸುಪಾಸು. ಗಲ್ಫ್ ಕಡೆಯಿಂದ ಬರುವವರಿಗೆ ಅದು ನಮ್ಮ ಮನೆ ಬಾಗಿಲೇ. ಆದರೆ ಅಜ್ಜನ ಮೊಮ್ಮಗನ ಟಿಕೆಟ್ ಬೆಂಗಳೂರಿಗೇ ಇತ್ತು.

ಅಜ್ಜ ಪೆನ್ಸಿಲ್ ತೆಗೆದುಕೊಂಡು ಪ್ರಿಂಟಿನ ಅಂಚಿನಲ್ಲಿ ಎಲ್ಲವನ್ನೂ ನಮ್ಮ ಗಡಿಯಾರದಲ್ಲೇ ಮತ್ತೆ ಬರೆದರು. ಸ್ಯಾನ್ ಫ್ರಾನ್ಸಿಸ್ಕೋ ಬಿಡುವುದು ಬುಧವಾರ ಬೆಳಗ್ಗೆ 5:30. ಹದಿನೈದೂಮುಕ್ಕಾಲು ಗಂಟೆ ಹಾರಿ ದುಬೈ ಮುಟ್ಟುವುದು ಬುಧವಾರ ರಾತ್ರಿ 9:15. ದುಬೈ ಬಿಡುವುದು 11:30. ಮೂರೂಮುಕ್ಕಾಲು ಗಂಟೆಯಲ್ಲಿ ಬೆಂಗಳೂರು, ಗುರುವಾರ 3:15. ಪಾಸ್‌ಪೋರ್ಟ್ ತಪಾಸಣೆ, ಲಗೇಜು ಎಲ್ಲ ಮುಗಿಸಿ ಕಾರು ಹತ್ತುವಾಗ 4:45. ಮಡಿಕೇರಿ, ಮಧ್ಯಾಹ್ನ ಹನ್ನೆರಡಕ್ಕೆ ಕಾಲು ಗಂಟೆ ಕಡಿಮೆ. ಒಟ್ಟು 30 ಗಂಟೆ 15 ನಿಮಿಷ.

ಅದರ ಕೆಳಗೆ ಒಂದು ಗೆರೆ ಎಳೆದು ಕದಿರು ತೆಗೆಯುವ ಹೊತ್ತನ್ನು ಬರೆದರು. ನಡುವೆ ಎಂಟು ಗಂಟೆಗೂ ಮಿಗಿಲು ಬಿಡುವಿತ್ತು. ಆಮೇಲೆ ದುಬೈನ 9:15 ಮತ್ತು 11:30ರ ಸುತ್ತ ಪೆನ್ಸಿಲಿನಲ್ಲಿ ಗಟ್ಟಿಯಾಗಿ ಒಂದು ಸುತ್ತು ಹಾಕಿ, "ಇದೊಂದು ತಪ್ಪದಿದ್ರೆ ಆಯ್ತು. ಅಲ್ಲಿ ಅಂಗಡಿ ನೋಡ್ತಾ ನಿಂತ್ಕೋಬೇಡ ಅಂತ ಅವನಿಗೆ ಈಗಲೇ ಒಂದು ಮೆಸೇಜ್ ಹಾಕು" ಎಂದು ಮೊಮ್ಮಗಳ ಕಡೆ ತಿರುಗಿದರು.

ಅವಳು ಅಲ್ಲಿ ಈಗ ರಾತ್ರಿಯೋ ಹಗಲೋ ಎಂದು ಬೆರಳು ಮಡಚಿ ಎಣಿಸುತ್ತಿದ್ದಳು.